ಅದ್ದಿ ಹಿಂಡಿ ಮೆಷಿನ್ನಿಗೆ

ಚೆನ್ನೈನ ಅಣ್ಣಾ ನಗರದಲ್ಲಿರುವ ನಮ್ಮ ಅಣ್ಣನ ಮನೆಯ ಅಡುಗೆಕಟ್ಟೆ ಗಿಡ್ಡ, ಯಾಕೆಂದರೆ ನಮ್ಮ ಅಮ್ಮ ಗಿಡ್ಡ. ಎರಡನೆಯ ಮಹಡಿಯ ಆ ಫ್ಲಾಟ್ ಕೈಗೆ ಬಂದಾಗ ಅಡುಗೆಮನೆಯಲ್ಲಿ ಕಟ್ಟೆಯೇ ಇರಲಿಲ್ಲ. ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಅಪ್ಪ ಮೇಸ್ತ್ರಿಯ ಎದುರು ಅಮ್ಮನನ್ನು ನಿಲ್ಲಿಸಿ, ಅವಳ ಸೊಂಟಕ್ಕೆ ಸರಿಯಾಗಿ ಗೋಡೆಯ ಮೇಲೆ ಗೆರೆ ಎಳೆಸಿ, ಆ ಗೆರೆಗೆ ಕಡಪ ಕಲ್ಲು ಕೂರಿಸಿದರು. ಜೀವಮಾನದಲ್ಲಿ ಅವರು ಅಮ್ಮನಿಗೆಂದು ಅಳತೆ ಕೊಟ್ಟು ಮಾಡಿಸಿದ ವಸ್ತು ಅದೊಂದೇ. ಆಮೇಲೆ ಅವರು ಹೋದರು, ಕಟ್ಟೆ ಉಳಿಯಿತು.

ಆ ಕಟ್ಟೆಗೆ ಸೊಸೆಯಾಗಿ ಬಂದವಳು ನನ್ನ ಅತ್ತಿಗೆ ಸರಸ. ಮನೆಗೆ ಬಂದಳು ಎನ್ನುವುದಕ್ಕಿಂತ ಕಟ್ಟೆಗೆ ಬಂದಳು ಎಂದರೇ ಸರಿ. ಸರಸ ಉದ್ದನೆಯ ಹೆಂಗಸು. ನಮ್ಮ ಅಣ್ಣ ಹರಿಹರನಿಗಿಂತ ಅರ್ಧ ಗೇಣು ಹೆಚ್ಚೇ ಇದ್ದಾಳೆ, ಅದಕ್ಕೇ ಮದುವೆ ಫೋಟೋದಲ್ಲಿ ಅವಳನ್ನು ಕೂರಿಸಿ ಅವನನ್ನು ನಿಲ್ಲಿಸಿದ್ದಾರೆ. ಅಮ್ಮನ ಸೊಂಟದ ಅಳತೆಯ ಕಟ್ಟೆಯ ಮೇಲೆ ತರಕಾರಿ ಹೆಚ್ಚಲು, ದೋಸೆ ಹುಯ್ಯಲು, ಹಾಲು ಕಾಯಿಸಲು ಅವಳು ಬಗ್ಗಿದಳು. ಇಪ್ಪತ್ತು ವರ್ಷ ಬಗ್ಗಿದಳು. ಈಗ ಬಸ್ಸಿಗೆ ಕಾಯುವಾಗಲೂ ಸ್ವಲ್ಪ ಬಗ್ಗಿಯೇ ನಿಲ್ಲುತ್ತಾಳೆ.

ಅವಳು ಹುಟ್ಟಿ ಬೆಳೆದದ್ದೆಲ್ಲ ಚೆನ್ನೈನಲ್ಲೇ. ಮೌಂಟ್ ರೋಡಿನ ಒಂದು ವಿಮಾ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿದವಳು, ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ಅದನ್ನೂ ಕಲಿತು ಅದೇ ಕುರ್ಚಿಯಲ್ಲಿ ಉಳಿದಳು. ಕಚೇರಿಗೆ ಹೊರಡುವ ಮೊದಲು ಮನೆಯ ಬಟ್ಟೆಯೆಲ್ಲ ಅವಳ ಕೈಯಲ್ಲೇ ಒಗೆದಾಗಬೇಕು. ಅಮ್ಮನದು ಕಟ್ಟುನಿಟ್ಟಾದ ಮಡಿ. ಅವಳ ಮಡಿ ಸೀರೆಯನ್ನು ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲೇ ಒಗೆದು, ಕೋಲಿನಲ್ಲಿ ಎತ್ತಿ, ಬಾಲ್ಕನಿಯಲ್ಲಿ ತಲೆಗಿಂತ ಮೇಲಿರುವ ಬಿದಿರಿನ ಗಳುವಿನ ಮೇಲೆ ಯಾರೂ ಮುಟ್ಟದಂತೆ ಹರವಬೇಕು. ಮೊದಲೆಲ್ಲ ಅಮ್ಮನೇ ಮಾಡಿಕೊಳ್ಳುತ್ತಿದ್ದಳು. ಎಪ್ಪತ್ತು ದಾಟಿದ ಮೇಲೆ ತೋಳು ಎತ್ತಲಾಗದೆ ಅದೂ ಸರಸಳ ಪಾಲಿಗೆ ಬಂತು. ಉಳಿದ ಬಟ್ಟೆಗೆ ಮೊದಲು ಒಬ್ಬಳು ಕೆಲಸದವಳಿದ್ದಳು. ನೀರಿನ ಬರ ಶುರುವಾದ ವರ್ಷ, ದಿನಕ್ಕೊಂದು ಹೊತ್ತಿಗೆ ಬರುವ ನೀರಿಗಾಗಿ ನಿಮ್ಮ ಮನೆಯಲ್ಲಿ ಕಾದು ಕೂರಲು ನನ್ನಿಂದಾಗದು ಎಂದು ಅವಳೂ ಬಿಟ್ಟಳು. ಬುದ್ಧಿವಂತೆ.

ಇದನ್ನೆಲ್ಲ ಹೇಳುತ್ತಿರುವ ನಾನು ಕಲಾವತಿ, ಹರಿಹರನ ತಂಗಿ. ನನ್ನ ಗಂಡನ ಕಾರ್ಖಾನೆ ಅಂಬತ್ತೂರಿನಲ್ಲಿ, ಮನೆಯೂ ಅಲ್ಲೇ. ಶನಿವಾರ ಸಾಮಾನ್ಯವಾಗಿ ತವರಿಗೆ ಹೋಗುತ್ತೇನೆ. ನನ್ನ ನಾಲಿಗೆ ಚೂಪು ಎಂದು ಅಣ್ಣನ ದೂರು. ಆ ಮನೆಯಲ್ಲಿ ಒಂದಾದರೂ ನಾಲಿಗೆ ಅಲ್ಲಾಡಬೇಡವೇ?

ಸರಸಳ ಬಲಗೈ ಹೆಬ್ಬೆರಳು ಮರಗಟ್ಟಲು ಶುರುವಾದದ್ದು ಎರಡು ಸಾವಿರದ ಎರಡರ ಕೊನೆಗೆ. ಮೊದಲು ಕಚೇರಿಯಲ್ಲಿ ಪೆನ್ನು ಜಾರಿತು. ಆಮೇಲೆ ಮನೆಯಲ್ಲಿ ಹಾಲಿನ ಪಾತ್ರೆ ಜಾರಿತು. ಹಾಲು ಚೆಲ್ಲಿದ ಮೇಲೆ ಅಣ್ಣನಿಗೆ ವಿಷಯದ ಗಾಂಭೀರ್ಯ ಅರ್ಥವಾಗಿ ಎಗ್ಮೋರಿನಲ್ಲಿ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ನಾನೂ ಜೊತೆಗಿದ್ದೆ. ಡಾಕ್ಟರು ಅವಳ ಮಣಿಕಟ್ಟನ್ನು ಒತ್ತಿ ನೋಡಿ, “ತುಣಿ ಪಿಳಿಯವೇ ಕೂಡಾದುಮ್ಮಾ” ಅಂದರು. ಬಟ್ಟೆ ಹಿಂಡಲೇಕೂಡದು. ಒಗೆಯುವುದಕ್ಕಿಂತ ಹಿಂಡುವುದೇ ಇದಕ್ಕೆ ಶತ್ರು, ಹೀಗೇ ಹಿಂಡುತ್ತಾ ಹೋದರೆ ಕೊಯ್ಯಬೇಕಾಗುತ್ತದೆ, ಕೊಯ್ದ ಮೇಲೂ ಹೆಬ್ಬೆರಳು ಮೊದಲಿನಂತಾಗುತ್ತದೆ ಎಂದು ಮಾತು ಕೊಡಲಾರೆ ಎಂದರು. ಸರಸ ತನ್ನ ಕೈಯನ್ನು ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿಕೊಂಡಳು. ಹೊರಗೆ ಬಂದ ಮೇಲೆ, “ಕೈ ಹೋದ್ರೆ ಕೆಲಸನೂ ಹೋಯ್ತು ಕಲಾ. ಬೆರಳಿಲ್ದೆ ಟೈಪ್ ಹೇಗೆ ಮಾಡೋದು?” ಅಂದಳು. ಅಷ್ಟೇ ಅಂದದ್ದು.

ಹಾಗೆ ವಾಷಿಂಗ್ ಮೆಷಿನ್ನಿನ ಮಾತು ಬಂತು. ಅಣ್ಣ ಒಂದು ಕೆಲಸ ಹಿಡಿದರೆ ಅದರ ಬಗ್ಗೆ ಓದುವುದರಲ್ಲೇ ಅರ್ಧ ಆಯುಷ್ಯ ಕಳೆಯುವವನು. ಮುಂದೆ ಬಾಗಿಲಿರುವ ಮೆಷಿನ್ ಕಡಿಮೆ ನೀರು ಕುಡಿಯುತ್ತದೆ, ಬರಗಾಲಕ್ಕೆ ಅದೇ ಸರಿ ಎಂದು ತೀರ್ಮಾನಿಸಿದ. ಇಡುವುದೆಲ್ಲಿ? ಬಚ್ಚಲಿನಲ್ಲಿಟ್ಟರೆ ಮನುಷ್ಯ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಲಾಗದು. ಬಾಲ್ಕನಿಯಲ್ಲಿ ತುಳಸಿ, ಮಡಿಯ ಗಳು. ನಲ್ಲಿ, ಮೋರಿ ಎರಡೂ ಹತ್ತಿರವಿದ್ದು ಜಾಗವೂ ಇದ್ದದ್ದು ಅಡುಗೆಕಟ್ಟೆಯ ಕೆಳಗೆ ಮಾತ್ರ.

“ಪಾಟಿ ಒತ್ತುಕ್ಕವೇ ಮಾಟ್ಟಾ,” ಅಂದಳು ಅಣ್ಣನ ಮಗಳು ಶ್ರೀಯಾ. ಅಜ್ಜಿ ಒಪ್ಪುವುದೇ ಇಲ್ಲವಂತೆ. ಅವಳು ಕನ್ನಡದಲ್ಲಿ ಬೈಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ. ಹೇಳಿದ್ದೇನೋ ನಿಜವೇ. ಉಟ್ಟು ಬಿಟ್ಟ ಬಟ್ಟೆ ನಮ್ಮಲ್ಲಿ ಮೈಲಿಗೆ. ಬಸ್ಸಿನಲ್ಲಿ ಓಡಾಡಿದ ಸೀರೆ, ಶ್ರೀಯಾಳ ಸ್ಕೂಲಿನ ಚೂಡಿದಾರ, ಅಣ್ಣನ ಕಾಲುಚೀಲ ಇವೆಲ್ಲ ಅಮ್ಮ ನೈವೇದ್ಯಕ್ಕೆ ಅನ್ನ ಮಾಡುವ ಒಲೆಯ ಕೆಳಗೆ ಬಂದು ಕೂತರೆ ದೇವರಿಗೆ ಏನಾಗುತ್ತದೋ ನನಗೆ ಗೊತ್ತಿಲ್ಲ, ಅಮ್ಮನಿಗೆ ಊಟ ಇಳಿಯುವುದಿಲ್ಲ.

ಅಮ್ಮ ಎರಡು ದಿನ ಮಾತಾಡಲಿಲ್ಲ. ನಮ್ಮ ಅಮ್ಮ ರಮಾಬಾಯಿಯವರ ಮೌನ ಮನೆಯಲ್ಲಿ ದೊಡ್ಡ ಸಂಗತಿ. ಆ ಎರಡು ದಿನವೂ ಅಣ್ಣ ಕಚೇರಿಯಿಂದ ತಡವಾಗಿ ಬಂದ. ಮೂರನೆಯ ದಿನ ಅವಳೇ ಕರೆದು ತೀರ್ಪು ಕೊಟ್ಟಳು. “ಇಟ್ಕೊಳ್ಳಿ. ಆದ್ರೆ ಒಣಬಟ್ಟೆ ಒಳಗೆ ಬರಕೂಡ್ದು. ಬಚ್ಚಲಲ್ಲೇ ಒಂದ್ಸಲ ಅದ್ದಿ ಹಿಂಡಿ ತಂದು ಹಾಕ್ಲಿ.”

ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಗೆ ಮೈಲಿಗೆ ಇಲ್ಲ. ಅದು ನಮ್ಮಲ್ಲಿ ಹಿಂದಿನಿಂದ ಬಂದ ಲೆಕ್ಕ, ಆ ಲೆಕ್ಕದಲ್ಲಿ ತಪ್ಪಿಲ್ಲ. ಮನೆಯವರೆಲ್ಲ ಗೆದ್ದಂತೆ ಸಂಭ್ರಮಪಟ್ಟರು. ಅಣ್ಣ ನನಗೆ ಫೋನು ಮಾಡಿ, ಅಮ್ಮ ಒಪ್ಪಿಬಿಟ್ಟಳು, ಎಷ್ಟು ಮಾಡರ್ನ್ ಆಗಿಬಿಟ್ಟಳು ನೋಡು ಎಂದ.

“ಅಲ್ಲಯ್ಯಾ, ಹಿಂಡಬಾರ್ದು ಅಂತ ತಾನೇ ಮೆಷಿನ್ನು? ಹಿಂಡಿ ಹಾಕೋದಾದ್ರೆ ಮೆಷಿನ್ ಯಾತಕ್ಕೆ?” ಅಂದೆ.

“ನೀನು ಮಧ್ಯೆ ಕಡ್ಡಿ ಆಡಿಸ್ಬೇಡ. ಸುಮ್ನೆ ಒಂದು ಅದ್ದು. ಪರವಾಗಿಲ್ಲ ಅಂತ ಸರಸಾನೇ ಅಂದ್ಲು.”

ಸರಸ ಹಾಗೆ ಅಂದದ್ದು ನಿಜ. ಅವಳು ಯಾವುದಕ್ಕೆ ಪರವಾಗಿಲ್ಲ ಎಂದಿಲ್ಲ ಹೇಳಿ.

ಮೆಷಿನ್ ಬಂದ ದಿನ ನಾನು ಅಲ್ಲೇ ಇದ್ದೆ. ಇಬ್ಬರು ಆಳುಗಳು ಏದುಸಿರು ಬಿಡುತ್ತ ಎರಡು ಮಹಡಿ ಹತ್ತಿಸಿ, ಕಟ್ಟೆಯ ಎದುರು ತಂದಿಟ್ಟರೆ, ಅದು ಕಟ್ಟೆಗಿಂತ ಮೂರು ಬೆರಳು ಎತ್ತರ. ಓದಿ ಓದಿ ಎಲ್ಲವನ್ನೂ ತಿಳಿದುಕೊಂಡಿದ್ದ ಅಣ್ಣ, ಮನೆಯ ಕಟ್ಟೆಗೆ ಮಾತ್ರ ಟೇಪು ಹಿಡಿದಿರಲಿಲ್ಲ. ಎಲ್ಲ ಮನೆಯ ಕಟ್ಟೆಯೂ ಒಂದೇ ಎತ್ತರ ಅಲ್ಲವೇ ಎಂದು ಕೇಳಿದ. ಅಮ್ಮನ ಸೊಂಟದ ಗೆರೆ ಅವನಿಗೆ ನೆನಪಿರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ.

ಫಿಟ್ಟಿಂಗ್ ಮಾಡಲು ಬಂದವನು ಮೆಷಿನ್ನಿನ ಮೇಲಿನ ಹಲಗೆ ಬಿಚ್ಚಿದ. ಒಂದು ಬೆರಳು ಇಳಿಯಿತು. ಇನ್ನೂ ಎರಡು ಬೆರಳು ಹೆಚ್ಚು. “ಕಲ್ಲ ತೂಕ್ಕಿಡಲಾಂ ಸಾರ್,” ಅಂದ, ಕಲ್ಲನ್ನು ಎತ್ತಿಬಿಡೋಣ ಎಂದು. ಕಡಪ ಕಲ್ಲನ್ನು ಎಬ್ಬಿಸಿ, ಕೆಳಗಿನ ಗೋಡೆಗೆ ಒಂದು ವರಸೆ ಇಟ್ಟಿಗೆ ಕೂರಿಸಿದರೆ ಅರ್ಧ ದಿನದ ಕೆಲಸ. ನನಗೆ ಮನಸ್ಸಿನಲ್ಲೇ ಖುಷಿಯಾಯಿತು. ಸರಸಳ ಸೊಂಟಕ್ಕೂ ಒಂದು ದಾರಿಯಾದೀತು ಎಂದುಕೊಂಡೆ. ಆಗ ಸರಸಳೇ ಬಾಯಿ ಬಿಟ್ಟಳು. “ಕಟ್ಟೆ ಎತ್ತೋದು ವೇಂಡಾಂ. ಅಮ್ಮನಿಗೆ ಕೈ ಎಟಕಲ್ಲ. ನೆಲ ಬೇಕಾದ್ರೆ ಒಡೀಲಿ.” ಅವಳ ತಲೆಗೆ ಒಂದು ಕುಟ್ಟೋಣ ಎನ್ನಿಸಿತು. ಅಮ್ಮ ದೇವರ ಮುಂದೆ ಕೂತಲ್ಲಿಂದಲೇ ಕೇಳಿಸಿಕೊಂಡಳು.

ಹಾಗಾಗಿ ನೆಲ ಒಡೆದರು. ಅಪ್ಪನ ಕಾಲದ ಮೊಸಾಯಿಕ್ ಸುಲಭಕ್ಕೆ ಏಳಲಿಲ್ಲ. ಉಳಿ ಸುತ್ತಿಗೆ ಹಿಡಿದು ಕುಟ್ಟಿದ ಸದ್ದಿಗೆ ಕೆಳಗಿನ ಮನೆಯವರು ಮೇಲೆ ಬಂದು ಜಗಳ ಮಾಡಿದರು. ಮನೆಯೆಲ್ಲ ಧೂಳು. ಅವಲಕ್ಕಿ ಮೊಸರಿನಲ್ಲಿ ಊಟ. ಕಟ್ಟೆಯ ಕೆಳಗೆ ಒಂದು ಚೌಕನೆಯ ಗುಂಡಿಯಾಗಿ, ಅದಕ್ಕೆ ಸಿಮೆಂಟು ಬಳಿದು, ಅದು ಒಣಗಿದ ಮೇಲೆ ಮೆಷಿನ್ ಒಳಗೆ ತಳ್ಳಿದರು. ಸರಿಯಾಗಿ ಕೂತಿತು. ಆದರೆ ಸೋಪುಪುಡಿ ಹಾಕುವ ಡ್ರಾಯರ್ ಎಳೆದರೆ ಕಲ್ಲಿನ ಅಂಚಿಗೆ ತಗಲುತ್ತಿತ್ತು. ಅಂಚನ್ನೂ ಕೊರೆದರು. ಇಷ್ಟೆಲ್ಲ ಆದ ಮೇಲೆ ಅಣ್ಣ ಕಟ್ಟೆಯ ಮೇಲೆ ಕೈ ಆಡಿಸಿ, ಒಂದು ಕೂದಲಿನಷ್ಟೂ ಎತ್ತರ ಹೆಚ್ಚಾಗಿಲ್ಲ ಅಮ್ಮ, ನೋಡು ಎಂದ. ಅಮ್ಮ ಮೆಷಿನ್ನಿಗೆ ಅರಿಶಿನ ಕುಂಕುಮ ಹಚ್ಚಿದಳು.

ಅಲ್ಲಿಂದ ಶುರುವಾಯಿತು ಸರಸಳ ಹೊಸ ದಿನಚರಿ. ಬಟ್ಟೆಯನ್ನು ಬಚ್ಚಲಿಗೆ ಒಯ್ಯುವುದು, ಬಕೆಟ್ಟಿನಲ್ಲಿ ಅದ್ದುವುದು, ಒಂದೊಂದನ್ನೇ ಹಿಂಡುವುದು, ಹಿಂಡಿದ ಭಾರವನ್ನು ಇನ್ನೊಂದು ಬಕೆಟ್ಟಿಗೆ ತುಂಬಿ ನಡುಮನೆ ದಾಟಿ ಅಡುಗೆಮನೆಗೆ ಹೊರುವುದು, ಮೊಣಕಾಲೂರಿ ಮೆಷಿನ್ನಿನ ಬಾಯಿಗೆ ತುರುಕುವುದು, ಆಮೇಲೆ ದಾರಿಯುದ್ದಕ್ಕೂ ಸೋರಿದ ನೀರನ್ನು ಒರೆಸುವುದು. ಮೊದಲು ಒಂದು ಕೆಲಸವಿತ್ತು, ಈಗ ಎರಡಾಯಿತು. ಬಲಗೈಯಲ್ಲಿ ಬಲವಿಲ್ಲದ್ದರಿಂದ ಬಟ್ಟೆಯ ಒಂದು ತುದಿಯನ್ನು ನಲ್ಲಿಗೆ ಸುತ್ತಿ, ಇನ್ನೊಂದು ತುದಿಯನ್ನು ಎಡಗೈಯಲ್ಲಿ ತಿರುಚುವ ಉಪಾಯ ಕಂಡುಕೊಂಡಳು. ನಲ್ಲಿ ಸಡಿಲವಾಗಿ ಸೋರತೊಡಗಿತು. ನೀರು ವ್ಯರ್ಥ ಎಂದು ಅಣ್ಣ ಗೊಣಗಿದ.

ಅಣ್ಣನನ್ನು ಪೂರ್ತಿ ಬೈಯುವಂತಿಲ್ಲ. ಒಂದು ಭಾನುವಾರ ಪಂಚೆ ಎತ್ತಿ ಕಟ್ಟಿ, ಇವತ್ತು ನಾನು ಹಿಂಡುತ್ತೇನೆ ಎಂದು ಬಚ್ಚಲಿಗೆ ಇಳಿದ. ಅವನು ಹಿಂಡಿದ ಬೆಡ್‌ಶೀಟು ಅಡುಗೆಮನೆಯ ಬಾಗಿಲಲ್ಲಿ ಮಡಕೆ ಒಡೆದಂತೆ ನೀರು ಸುರಿಸಿತು. ಸರಿಯಾಗಿ ಹಿಂಡದ ಬಟ್ಟೆಯ ಆ ಮೈಲಿಗೆ ನೀರು ತುಳಿದ ಅಮ್ಮ ಮತ್ತೊಮ್ಮೆ ಸ್ನಾನ ಮಾಡಿದಳು, ಆ ಬರಗಾಲದಲ್ಲಿ. ಅಲ್ಲಿಗೆ ಅವನ ಸೇವೆ ಮುಗಿಯಿತು. ಶ್ರೀಯಾ ಹಿಂಡಬಹುದಿತ್ತು. ಹನ್ನೆರಡನೆಯ ಕ್ಲಾಸಿನ ಮಕ್ಕಳನ್ನು ಈ ಊರಿನಲ್ಲಿ ದೇವರಂತೆ ಕಾಣುತ್ತಾರೆ, ಓದುವ ಮಗು ಓದಿಕೊಳ್ಳಲಿ ಎಂದು ಸರಸಳೇ ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಬೇಸಿಗೆಯಲ್ಲಿ ಮೇಲಿನ ಟ್ಯಾಂಕು ದಿನ ಬಿಟ್ಟು ದಿನ ಬತ್ತತೊಡಗಿತು. ಬತ್ತಿದ ದಿನ ನೀರಿಗೆ ಲಾರಿಯೇ ಗತಿ. ಸರಸ ಪ್ಲಾಸ್ಟಿಕ್ ಕೊಡಗಳನ್ನು ಎಡಗೈಯಲ್ಲೇ ಎರಡು ಮಹಡಿ ಹೊತ್ತಳು. ಮೆಷಿನ್ ಕಡಿಮೆ ನೀರು ಕುಡಿಯುತ್ತಿತ್ತು ನಿಜ, ಆದರೆ ಅದಕ್ಕೆ ಮೊದಲು ಅದ್ದುವ ನೀರು ಯಾವ ಲೆಕ್ಕದಲ್ಲೂ ಇರಲಿಲ್ಲ. ಕಚೇರಿಯಲ್ಲಿ ಅವಳ ಬೆರಳು ಒಂದು ಅಕ್ಷರಕ್ಕೆ ಎರಡು ಸಲ ಬೀಳತೊಡಗಿತು. ಮೇಲಿನವರು ಕರೆದು ಕೇಳಿದರಂತೆ. ಅದನ್ನು ಅವಳು ಮನೆಯಲ್ಲಿ ಹೇಳಲಿಲ್ಲ, ನನಗೆ ಹೇಳಿದಳು. “ಈ ಕೈ ಇನ್ನೆಷ್ಟು ದಿನ ಬರತ್ತೋ ಕಲಾ. ನಂಗೆ ಭಯ ಆಗ್ತಿದೆ,” ಅಂದಳು. ನಾನು ಅಮ್ಮನಿಗೆ ಹೇಳುತ್ತೇನೆ ಎಂದರೆ, ಬೇಡ, ವಯಸ್ಸಾದವರು, ಅವರಿಗೂ ಇರುವುದು ಆ ಮಡಿಯೊಂದೇ ಎಂದಳು. ಅವಳ ಸಹನೆ ನೋಡಿ ಮೆಚ್ಚುವವರಿದ್ದಾರೆ. ನನಗೆ ಮೈ ಉರಿಯುತ್ತಿತ್ತು.

ಒಂದು ಶುಕ್ರವಾರ ಬೆಳಿಗ್ಗೆ ಅದು ಆಯಿತು. ಅಂದು ಅದ್ದಿದ್ದರಲ್ಲಿ ಒಂದು ಹೊದಿಕೆ ಇತ್ತು. ಸರಸ ಅದನ್ನು ನಲ್ಲಿಗೆ ಸುತ್ತಿ ತಿರುಚುವಾಗ ನಲ್ಲಿ ಕಿತ್ತು ಬರುವಂತಾಯಿತು. ಹಿಡಿಯಲು ಬಲಗೈ ಚಾಚಿದಳು. ಹೆಬ್ಬೆರಳು ಒಳಕ್ಕೆ ಮಡಚಿಕೊಂಡು ಸೆಟೆದು ನಿಂತಿತು. ಬಿಡಿಸಲು ಹೋದರೆ ಭುಜದವರೆಗೆ ನೋವು. ಅವಳು ಬಚ್ಚಲ ನೆಲದ ಮೇಲೆ ಕೂತುಬಿಟ್ಟಳು. ಅಮ್ಮ ಬಾಗಿಲಿಗೆ ಬಂದು ನಿಂತಳು. ಮುಂದಿನದನ್ನು ಶ್ರೀಯಾ ನನಗೆ ಹೇಳಿದ್ದು. ಸರಸ ತಲೆ ಎತ್ತಿ, “ಅಮ್ಮಾ, ಇನ್ನು ನನ್ನ ಕೈಲಾಗಲ್ಲ,” ಅಂದಳಂತೆ. ಕೂಗಲಿಲ್ಲ, ಸಿಟ್ಟು ಮಾಡಲಿಲ್ಲ. “ನಂಗೆ ಸಾಕಾಗಿದೆ,” ಎಂದು ಇನ್ನೊಂದು ಸಲ ಹೇಳಿದಳಂತೆ. ಆ ಮನೆಗೆ ಬಂದ ಮೇಲೆ ಅವಳು ಆಗುವುದಿಲ್ಲ ಎಂದದ್ದು ಅದೇ ಮೊದಲು.

ಅಮ್ಮ ಅವಳ ಕೈಯನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ತನ್ನ ಹಿತ್ತಾಳೆ ಪಾತ್ರೆಗಳನ್ನು ಒಂದೊಂದಾಗಿ ಕಟ್ಟೆಯಿಂದ ಇಳಿಸಿದಳು.

ಮರುದಿನ ನಾನು ಹೋಗುವ ಹೊತ್ತಿಗೆ ನಡುಮನೆಯ ಮೂಲೆಯಲ್ಲಿ, ಬಾಲ್ಕನಿಯ ಬಾಗಿಲ ಪಕ್ಕ, ಒಂದೇ ಉರಿಯ ಸೀಮೆಎಣ್ಣೆ ಸ್ಟೌ ಬಂದಿತ್ತು. ಎದುರಿಗೆ ಒಂದು ಮಣೆ. ಗೋಡೆಗೆ ಒರಗಿಸಿ ಅಮ್ಮನ ನಾಲ್ಕು ಪಾತ್ರೆ, ಐದಾರು ಡಬ್ಬಿ, ಸುತ್ತ ರಂಗೋಲಿಯ ಗೆರೆ. ಅಣ್ಣ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಸರಸ ಅಮ್ಮನ ಎದುರು ನಿಂತು ಗೋಗರೆಯುತ್ತಿದ್ದಳು. ನಾಳೆಯಿಂದ ಮೊದಲಿನಂತೆ ಮಾಡುತ್ತೇನೆ, ಕೈ ಆಗಲೇ ಸರಿಯಾಗಿದೆ, ನೀವು ಕಟ್ಟೆಗೆ ಬನ್ನಿ ಎಂದು. ಸರಿಯಾಗಿದೆ ಎಂದು ತೋರಿಸಲು ಬೆರಳು ಆಡಿಸಿದಳು. ಹೆಬ್ಬೆರಳು ಆಡಲಿಲ್ಲ.

“ಸುಮ್ನಿರೆ,” ಅಂದಳು ಅಮ್ಮ. “ಮಡಿ ನಂದು. ಕೈ ನಿಂದು. ನನ್ನ ಮಡಿಗೋಸ್ಕರ ನಿನ್ನ ಕೈ ಹೋಗ್ಬೇಕೇನು? ಅಡುಗೆಮನೆ ನೀನಿಟ್ಕೋ. ಒಣಬಟ್ಟೇನೇ ಹಾಕ್ಕೋ. ನನ್ನ ಮಡಿ ಸೀರೆ ನಾನೇ ಹೇಗೋ ನೋಡ್ಕೋತೀನಿ. ನಂಗೆ ಒಂದು ಹಿಡಿ ಅನ್ನ ಬೇಯಕ್ಕೆ ಇಷ್ಟು ಜಾಗ ಸಾಕು.”

ನನಗೆ ಸಿಟ್ಟು ಬಂತು. ಕಟ್ಟೆ ಬಿಡುವವಳು ಮಡಿ ಬಿಡಬಾರದೇ, ಇದೆಂಥ ಹಟ, ಈ ವಯಸ್ಸಿನಲ್ಲಿ ನೆಲಕ್ಕೆ ಕೂತು ಏಳುವುದು ಆಗುವ ಮಾತೇ ಎಂದು ಕೂಗಾಡಿದೆ. ಅಮ್ಮ ಮಣೆಯತ್ತ ತಿರುಗಿದಳು. ಮಣೆಯ ಮೇಲೆ ಕೂರುವಾಗ ಅವಳ ಒಂದು ಕೈ ಗೋಡೆಯನ್ನು ಹುಡುಕಿತು. ಗೆದ್ದವರು ಯಾರೂ ಇರಲಿಲ್ಲ ಅಲ್ಲಿ. ಸರಸ ಅಡುಗೆಮನೆಗೆ ಹೋಗಿ ಒಂಟಿಯಾಗಿ ನಿಂತಿದ್ದಳು. ಅಂದು ಅವಳು ಬಟ್ಟೆಯನ್ನು ಮುಟ್ಟಲೇ ಇಲ್ಲ.

ಮುಂದಿನ ಶನಿವಾರ ನಾನು ಹೋದಾಗ ಮಧ್ಯಾಹ್ನ. ಅಣ್ಣ ಶ್ರೀಯಾಳನ್ನು ಟ್ಯೂಷನ್ನಿಗೆ ಕರೆದುಕೊಂಡು ಹೋಗಿದ್ದ. ಅಮ್ಮ ಮೂಲೆಯಲ್ಲಿ ಸ್ಟೌ ಆರಿಸಿ, ಎಲೆಯ ಮೇಲೆ ಅನ್ನ ತೊವ್ವೆ ಬಡಿಸಿಕೊಂಡು, ಮುಚ್ಚಳ ತೆಗೆದ ಒಂದು ಡಬ್ಬಿಯನ್ನು ಎದುರಿಗಿಟ್ಟುಕೊಂಡು ಕೂತಿದ್ದಳು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು.

“ಏನಮ್ಮಾ?”

“ಮೆಲ್ಲಗೆ. ಉಪ್ಪು ಮುಗಿದಿದೆ. ತೊವ್ವೆಗೂ ಹಾಕಿಲ್ಲ.”

ನಾನು ತರುತ್ತೇನೆ ಎಂದೆ. ಬಸ್ಸಿನಲ್ಲಿ ಬಂದ ಮೈಲಿಗೆಯವಳು ಅವಳನ್ನು ಮುಟ್ಟುವಂತಿಲ್ಲ, ಆದರೆ ಒಣ ಉಪ್ಪಿಗೆ ಮೈಲಿಗೆ ಇಲ್ಲ. ಎದುರಿಗೆ ಇಟ್ಟು ಹಿಂದೆ ಸರಿದರೆ ಆಯಿತು. ಅಡುಗೆಮನೆಯ ಬಾಗಿಲಿಗೆ ಹೋದೆ.

ಸರಸ ನೆಲದ ಮೇಲೆ ಕೂತೇ ನಿದ್ದೆ ಹೋಗಿದ್ದಳು. ಬೆನ್ನು ಗೋಡೆಗೆ, ಉದ್ದನೆಯ ಕಾಲುಗಳು ಮೆಷಿನ್ನಿನವರೆಗೆ ಚಾಚಿ ಆ ಇಕ್ಕಟ್ಟಿನ ಅಡುಗೆಮನೆಗೆ ಅಡ್ಡಲಾಗಿ. ಬಾಯಿ ಅರೆತೆರೆದಿತ್ತು. ಬಲಗೈ ಮಡಿಲಲ್ಲಿ ಅಂಗಾತ ಬಿದ್ದಿತ್ತು. ಎದುರಿಗೆ ಮೆಷಿನ್ ತನ್ನ ಪಾಡಿಗೆ ತಾನು ಬಟ್ಟೆ ತಿರುಗಿಸುತ್ತಿತ್ತು. ಹಗಲು ಹೊತ್ತಿನಲ್ಲಿ ಅವಳು ಕಣ್ಣು ಮುಚ್ಚಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಉಪ್ಪಿನ ಜಾಡಿ ಆ ಕಡೆ, ಕಿಟಕಿಯ ಹತ್ತಿರ.

ತಿರುಗಿ ಬಂದು, “ಕಾಲು ಅಡ್ಡ ಇದೆ. ದಾಟಿ ತಂದ್ಬಿಡ್ತೀನಿ, ಅವಳಿಗೆ ಗೊತ್ತೇ ಆಗಲ್ಲ,” ಅಂದೆ.

“ಮಲಗಿದವರನ್ನ ದಾಟಬಾರ್ದು.”

“ಹಾಗಾದ್ರೆ ಎಬ್ಬಿಸ್ತೀನಿ. ಒಂದು ನಿಮಿಷ.”

“ಎಬ್ಬಿಸಿದ್ರೆ ನೋಡು!” ಅಮ್ಮನ ಕಣ್ಣು ನನ್ನ ಮದುವೆಗೆ ಮುಂಚಿನ ದಿನಗಳಲ್ಲಿ ಹೇಗಿತ್ತೋ ಹಾಗಾಯಿತು. “ಪಾಪ, ಮಲಗಿದ್ದಾಳೆ.”

ಅಮ್ಮ ಎಲೆಗೆ ನೀರು ಸುತ್ತಿ, ಉಪ್ಪಿಲ್ಲದ ತೊವ್ವೆಯನ್ನು ಅನ್ನಕ್ಕೆ ಕಲಸಿದಳು. ಮೊದಲ ತುತ್ತು ಬಾಯಲ್ಲಿ ಬಹಳ ಹೊತ್ತು ಇತ್ತು. ನುಂಗಿ ಎರಡನೆಯದಕ್ಕೆ ಕೈ ಹಾಕಿದಳು. ಊಟ ಸೇರದಿದ್ದರೆ ಎಲೆಯನ್ನೇ ಹಿಂದಕ್ಕೆ ತಳ್ಳುತ್ತಿದ್ದ ರಮಾಬಾಯಿ ಮುಖ ಕಿವುಚದೆ ತಿನ್ನುತ್ತಿದ್ದಳು. ನಾನು ದೂರದಲ್ಲಿ ಗೋಡೆಗೆ ಒರಗಿ ನೋಡುತ್ತಿದ್ದೆ.

ಅಷ್ಟರಲ್ಲಿ ಅಡುಗೆಮನೆಯಿಂದ ಭರ್ರೆಂದು ಸದ್ದು ಬಂತು. ಮೆಷಿನ್ ಬಟ್ಟೆ ಹಿಂಡಲು ಶುರುಮಾಡಿತ್ತು. ಮೇಲಿನ ಕಲ್ಲು ನಡುಗಿ ಪಾತ್ರೆಗಳು ಗಲಗಲ ಅಂದವು. ಅಮ್ಮ ಬಾಯಿಯ ಹತ್ತಿರ ಬಂದ ತುತ್ತನ್ನು ಎಲೆಗೆ ಹಾಕಿ ಗಾಬರಿಯಿಂದ ಎಡಗೈ ಬೀಸಿದಳು.

“ಕಲಾ, ನಿಲ್ಸೇ ಅದನ್ನ. ಎದ್ದುಬಿಡ್ತಾಳೆ. ಹಿಂಡೋದು ಆಮೇಲೆ ಆಗ್ಲಿ.”

ಸ್ವಿಚ್ಚು ಬಾಗಿಲ ಪಕ್ಕದಲ್ಲೇ ಇತ್ತು. ಹೊಸ್ತಿಲ ಹೊರಗೇ ನಿಂತು ಕೈ ಚಾಚಿ ಆರಿಸಿದೆ.